ಮಕ್ಕಳ ಹಾಗೂ ಯುವಜನರ ನರಮಾನಸಿಕ ಮತ್ತು ಕಲಿಕಾ ಪರೀಕ್ಷೆಗಳು: ವಿಜಯಪುರ ಸೀಮೆಯ ಹಿನ್ನೆಲೆಯಲ್ಲಿ

ಮಗುವಿನ ಗಮನ, ನೆನಪು, ಭಾಷೆ, ಕಣ್ಣು-ಕೈ ಹೊಂದಾಣಿಕೆ, ಯೋಚನೆಯ ವೇಗ, ಓದು, ಬರಹ, ಲೆಕ್ಕ ಇವನ್ನು ಒಂದೊಂದಾಗಿ ಬಿಡಿಸಿ, ಯಾವುದು ವಯಸ್ಸಿಗೆ ತಕ್ಕಂತಿದೆ, ಯಾವುದು ಹಿಂದೆ ಬಿದ್ದಿದೆ ಎಂದು ಅಳೆದು ನೋಡುವ ಪರೀಕ್ಷೆಗಳಿವು. ಬುದ್ಧಿಶಕ್ತಿ ಪರೀಕ್ಷೆ ಒಟ್ಟಾರೆ ಸಾಮರ್ಥ್ಯವನ್ನು ಹೇಳುತ್ತದೆ. ಕಲಿಕಾ ಪರೀಕ್ಷೆ ಓದು, ಬರಹ, ಗಣಿತದಲ್ಲಿ ಮಗು ನಿಜವಾಗಿ ಯಾವ ತರಗತಿಯ ಮಟ್ಟದಲ್ಲಿದೆ ಎಂಬುದನ್ನು ತೋರಿಸುತ್ತದೆ. ಮಿದುಳಿನ ಯಾವ ಕೆಲಸ ಸರಿಯಾಗಿ ನಡೆಯುತ್ತಿದೆ, ಯಾವುದು ತೊಡಕಿನಲ್ಲಿದೆ ಎಂದು ಹುಡುಕುವುದು ನರಮಾನಸಿಕ ಪರೀಕ್ಷೆಯ ಕೆಲಸ. ಮೂರನ್ನೂ ಸೇರಿಸಿ ಓದಿದಾಗ ಮಾತ್ರ ಒಂದು ಮಗು ಏಕೆ ಓದುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ವಿಜಯಪುರದಲ್ಲಿ ‘ಬುದ್ಧಿ ಪರೀಕ್ಷೆ’ ಎಂದರೆ ಹೆಚ್ಚಿನ ತಂದೆ-ತಾಯಿಗೆ ನೆನಪಾಗುವುದು ಬೇರೆಯೇ. 1963ರಲ್ಲಿ ಇಲ್ಲಿ ಸೈನಿಕ ಶಾಲೆ ಆರಂಭವಾಯಿತು. ಅದರ 6ನೇ ತರಗತಿಯ ಪ್ರವೇಶ ಪರೀಕ್ಷೆಯಲ್ಲಿ ಗಣಿತ, ಭಾಷೆ, ಸಾಮಾನ್ಯ ಜ್ಞಾನದ ಜೊತೆ ಬುದ್ಧಿಶಕ್ತಿಯ ಪ್ರಶ್ನೆಗಳೂ ಇರುತ್ತವೆ. ಆಲಮಟ್ಟಿಯಲ್ಲಿರುವ ನವೋದಯ ವಿದ್ಯಾಲಯದ ಆಯ್ಕೆ ಪರೀಕ್ಷೆಯಲ್ಲೂ ಮಾನಸಿಕ ಸಾಮರ್ಥ್ಯದ ಭಾಗವಿದೆ. ಇವೆರಡಕ್ಕೂ ಮಕ್ಕಳನ್ನು ತಯಾರು ಮಾಡುವ ಕೋಚಿಂಗ್ ಕ್ಲಾಸುಗಳು ನಗರದಲ್ಲಿ ಗಲ್ಲಿಗಲ್ಲಿಗೂ ಇವೆ. ಆ ಪರೀಕ್ಷೆಗಳ ಗುರಿ ಸಾವಿರಾರು ಮಕ್ಕಳಲ್ಲಿ ಕೆಲವರನ್ನು ಆರಿಸಿಕೊಳ್ಳುವುದು. ಇಲ್ಲಿ ಹೇಳಹೊರಟ ಪರೀಕ್ಷೆಗಳಲ್ಲಿ ಯಾರನ್ನೂ ಆರಿಸುವುದಿಲ್ಲ, ಯಾರನ್ನೂ ಕೈಬಿಡುವುದಿಲ್ಲ. ಒಬ್ಬ ಪರೀಕ್ಷಕ, ಒಂದು ಮಗು, ಒಂದು ಮೇಜು, ಎರಡು-ಮೂರು ತಾಸು ಸಮಯ ಅಷ್ಟೇ. ಇದಕ್ಕೆ ತಯಾರಿ ಮಾಡಿಸಿ ಕರೆತಂದರೆ ಅಳತೆಯೇ ಕೆಡುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಪ್ಯಾರಿಸ್‌ನಲ್ಲಿ ಶಾಲಾ ಶಿಕ್ಷಣ ಎಲ್ಲರಿಗೂ ಕಡ್ಡಾಯವಾದ ಮೇಲೆ, ತರಗತಿಯ ವೇಗಕ್ಕೆ ಹೊಂದಿಕೊಳ್ಳಲಾಗದ ಮಕ್ಕಳನ್ನು ಗುರುತಿಸಿ ಪ್ರತ್ಯೇಕ ನೆರವು ಕೊಡುವ ಉದ್ದೇಶದಿಂದ ಆಲ್‌ಫ್ರೆಡ್ ಬಿನೆ ಮತ್ತು ತಿಯೊಡೋರ್ ಸಿಮೋ 1905ರಲ್ಲಿ ಮೊದಲ ಬುದ್ಧಿಮಾಪಕವನ್ನು ರಚಿಸಿದರು. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಪರಿಷ್ಕರಿಸಿದರು. ಭಾರತದಲ್ಲಿ ಮೊದಲ ರೂಪಾಂತರ ಲಾಹೋರಿನಲ್ಲಿ ಸಿ. ಹರ್ಬರ್ಟ್ ರೈಸ್ ಅವರಿಂದ 1922ರಲ್ಲಿ ಬಂತು, ಅದು ಹಿಂದೂಸ್ತಾನಿಯಲ್ಲಿತ್ತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಬುದ್ಧಿಶಕ್ತಿ ಸಿದ್ಧಾಂತದ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದವರು ಅವರು.

ವಿಜಯಪುರ ಸೀಮೆಗೆ ನೇರವಾಗಿ ಸಂಬಂಧಿಸಿದ ಹೆಸರು ಮಾತ್ರ ವಿ. ವಿ. ಕಾಮತ ಅವರದು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಬಿನೆ ಮಾಪಕವನ್ನು ಪರಿಷ್ಕರಿಸಿ ಅವರು 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ವಿವರ ಪ್ರಕಟಿಸಿದರು. 1940ರಲ್ಲಿ ಅದು ಭಾರತೀಯ ಮಕ್ಕಳ ಬುದ್ಧಿಶಕ್ತಿ ಮಾಪನವನ್ನು ಕುರಿತ ಪುಸ್ತಕವಾಗಿ ಬಂತು. ಪರೀಕ್ಷೆಗೆ ‘ಮುಂಬೈ-ಕರ್ನಾಟಕ’ ಎಂಬ ಹೆಸರೂ ಅಂಟಿಕೊಂಡಿತು. ಆಗಿನ ಬಿಜಾಪುರ ಜಿಲ್ಲೆಯೂ 1956ರವರೆಗೆ ಮುಂಬೈ ಆಡಳಿತದಲ್ಲೇ ಇದ್ದ ಕನ್ನಡ ಜಿಲ್ಲೆ. ಇಂದು ‘ಬಿನೆ-ಕಾಮತ ಪರೀಕ್ಷೆ’ ಎಂದು ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಸಾಧನ ಹೀಗೆ ನಮ್ಮ ಭಾಗದ ಮಕ್ಕಳನ್ನು ಕಣ್ಣೆದುರು ಇಟ್ಟುಕೊಂಡು ಹುಟ್ಟಿದ್ದು. ಈ ಸಂಗತಿ ನಮ್ಮ ಶಿಕ್ಷಕರ ತರಬೇತಿ ಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು.

ಬಿನೆ-ಕಾಮತ ಪರೀಕ್ಷೆ 3ರಿಂದ 22 ವರ್ಷದವರೆಗಿನವರಿಗೆ. ಪ್ರಶ್ನೆಗಳನ್ನು ವಯಸ್ಸಿನ ಮಟ್ಟಕ್ಕೆ ಅನುಗುಣವಾಗಿ ಜೋಡಿಸಿದ್ದಾರೆ. ಕೆಳಗಿನ ವಯೋಮಟ್ಟಗಳಲ್ಲಿ ತಲಾ ಆರು ಪ್ರಶ್ನೆ, ಒಂದು ಸರಿಯುತ್ತರಕ್ಕೆ ಎರಡು ತಿಂಗಳ ಲೆಕ್ಕ. ಉದಾಹರಣೆಗೆ ಹತ್ತು ವರ್ಷದ ಹುಡುಗಿಯೊಬ್ಬಳು ಆರು ವರ್ಷದ ಮಟ್ಟದ ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಿದಳೆನ್ನಿ. ಅಲ್ಲಿಗೆ 72 ತಿಂಗಳು. ಏಳರ ಮಟ್ಟದಲ್ಲಿ ನಾಲ್ಕು, ಎಂಟರಲ್ಲಿ ಮೂರು, ಒಂಬತ್ತರಲ್ಲಿ ಎರಡು ಸರಿ, ಹತ್ತರಲ್ಲಿ ಒಂದೂ ಇಲ್ಲ. ಮೇಲೆ 18 ತಿಂಗಳು ಸೇರಿ ಮಾನಸಿಕ ವಯಸ್ಸು 90 ತಿಂಗಳು. ಅದನ್ನು ನಿಜ ವಯಸ್ಸಾದ 120 ತಿಂಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ 75. ಇದೇ ಬುದ್ಧಿಲಬ್ಧ, ಎಲ್ಲರ ಬಾಯಲ್ಲಿ ಐಕ್ಯೂ.

ಕಾಗದದ ಮೇಲೆ ಇಷ್ಟಕ್ಕೆ ಮುಗಿಯಿತು. ಅನುಭವಿ ಪರೀಕ್ಷಕರಿಗೆ ಇಲ್ಲಿಂದಲೇ ಕೆಲಸ ಶುರು. ಒಂಬತ್ತರ ಮಟ್ಟದಲ್ಲಿ ಆಕೆ ಗೆದ್ದ ಎರಡು ಪ್ರಶ್ನೆಗಳು ಯಾವುವು? ಚಿತ್ರ, ಆಕೃತಿಗಳವೇ? ಸೋತಿದ್ದೆಲ್ಲ ಶಬ್ದಾರ್ಥ ಮತ್ತು ಲೆಕ್ಕವೇ? ವರ್ಷದಲ್ಲಿ ಆರು ತಿಂಗಳು ತಂದೆ-ತಾಯಿಯ ಜೊತೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಮಹಾರಾಷ್ಟ್ರಕ್ಕೆ ಹೋಗಿಬರುವ ತಾಂಡಾದ ಹುಡುಗಿಯಾಗಿದ್ದರೆ, ಸೋಲು ಬಹುಪಾಲು ತಪ್ಪಿಹೋದ ಶಾಲೆಯದು. ಇದಕ್ಕಾಗಿಯೇ ಈ ಪರೀಕ್ಷೆಯ ಉತ್ತರಗಳನ್ನು ಭಾಷೆ, ಅರ್ಥಪೂರ್ಣ ಸ್ಮರಣೆ, ಅರ್ಥರಹಿತ ಸ್ಮರಣೆ, ಪರಿಕಲ್ಪನಾತ್ಮಕ ಚಿಂತನೆ, ಶಾಬ್ದಿಕ ಮತ್ತು ಅಶಾಬ್ದಿಕ ತರ್ಕ, ಸಂಖ್ಯಾ ತರ್ಕ, ಸಾಮಾಜಿಕ ಬುದ್ಧಿ ಎಂದು ಬಿಡಿಸಿ ಬರೆಯುವ ಪದ್ಧತಿ ಇದೆ. ಬರೀ 75 ಎಂದು ಬರೆದುಕೊಟ್ಟ ವರದಿ ಅರ್ಧ ವರದಿ. ಪರೀಕ್ಷೆಗೂ ವಯಸ್ಸಾಗಿದೆ: ಅದರ ಮಾನಕಗಳು ಎಂಬತ್ತು-ತೊಂಬತ್ತು ವರ್ಷ ಹಿಂದಿನ ಮಕ್ಕಳವು, ಇಂದಿನ ಮಕ್ಕಳನ್ನು ಅವುಗಳ ಪಕ್ಕ ನಿಲ್ಲಿಸಿ ಅಳೆಯುವಾಗ ಎಚ್ಚರ ಬೇಕೇ ಬೇಕು.

ಕೈಯಿಂದ ಮಾಡುವ ಪರೀಕ್ಷೆಗಳು

ಮಾತು ಬಾರದ, ಅಥವಾ ಪರೀಕ್ಷಕರ ಭಾಷೆ ಬಾರದ ಮಗುವಿಗೆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಅಂಥ ಮಕ್ಕಳ ಮುಂದೆ ಮೊದಲು ಬರುವುದು ಸೆಗ್ವಿನ್ ಫಾರ್ಮ್ ಬೋರ್ಡ್. ಮರದ ಹಲಗೆಯಲ್ಲಿ ವೃತ್ತ, ಚೌಕ, ನಕ್ಷತ್ರ, ಅರ್ಧವೃತ್ತ ಮೊದಲಾದ ಹತ್ತು ಆಕಾರಗಳ ಗುಣಿಗಳಿರುತ್ತವೆ. ಅದೇ ಆಕಾರದ ಹತ್ತು ಬಿಲ್ಲೆಗಳನ್ನು ತೆಗೆದು ಎದುರಿಗೆ ಪೇರಿಸಿ, ಬೇಗ ಬೇಗ ಜೋಡಿಸು ಎನ್ನುತ್ತಾರೆ. ಮೂರು ಸಲ ಅವಕಾಶ. ಮೂರರಲ್ಲಿ ಅತಿ ಕಡಿಮೆ ಸಮಯ ತೆಗೆದುಕೊಂಡದ್ದು ಲೆಕ್ಕಕ್ಕೆ. ಗಡಿಯಾರಕ್ಕಿಂತ ಹೆಚ್ಚು ಹೇಳುವುದು ಮಗುವಿನ ಕೈ. ನಕ್ಷತ್ರವನ್ನು ಗುಣಿಯ ಮೇಲಿಟ್ಟು ಕೂರದಿದ್ದಾಗ ಒಂದು ಮಗು ತಿರುಗಿಸಿ ನೋಡುತ್ತದೆ, ಇನ್ನೊಂದು ಬಲ ಹಾಕಿ ಒತ್ತುತ್ತದೆ, ಮತ್ತೊಂದು ಅದನ್ನು ಅಲ್ಲೇ ಬಿಟ್ಟು ಅವ್ವನ ಮುಖ ನೋಡುತ್ತದೆ. ಈ ಮೂರೂ ಬೇರೆ ಬೇರೆ ಟಿಪ್ಪಣಿಗಳಾಗಿ ವರದಿಯಲ್ಲಿ ಬರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ಜೆ. ಭರತ್‌ರಾಜ್ ಈ ಹಲಗೆಗೆ ನಮ್ಮ ಮಕ್ಕಳ ಮಾನಕಗಳನ್ನು ಸಿದ್ಧಪಡಿಸಿದರು. ಬೆಳವಣಿಗೆಯ ಹಂತಗಳನ್ನು ತಾಯಿಯಿಂದ ಕೇಳಿ ತಿಳಿಯುವ ಒಂದು ಮಾಪಕವನ್ನೂ ರಚಿಸಿದರು.

ಸಿ. ಎಂ. ಭಾಟಿಯಾ 1955ರಲ್ಲಿ ಪ್ರಕಟಿಸಿದ ಐದು ಕ್ರಿಯಾ ಪರೀಕ್ಷೆಗಳ ಗುಚ್ಛ 11ರಿಂದ 16ರ ವಯಸ್ಸಿನವರಿಗೆ. ಶಾಲೆ ಕಲಿತವರಿಗೂ ಕಲಿಯದವರಿಗೂ ಅದರಲ್ಲಿ ಪ್ರತ್ಯೇಕ ಮಾನಕಗಳಿವೆ. ಆ ಕಾಲಕ್ಕೆ ಇದು ಬಹಳ ನ್ಯಾಯದ ಯೋಚನೆ. ನಾಗಪುರದ ಎ. ಜೆ. ಮೇಲಿನ್ ವೆಕ್ಸ್‌ಲರ್ ಬುದ್ಧಿಮಾಪಕವನ್ನು ಭಾರತೀಯ ಮಕ್ಕಳಿಗೆ ಹೊಂದಿಸಿ 1969ರಲ್ಲಿ ‘ಮಿಸಿಕ್’ ತಂದರು. ಬಟ್ಟೆ ತೊಡುವುದು, ಉಣ್ಣುವುದು, ಅಂಗಡಿಯಿಂದ ಸಾಮಾನು ತರುವುದು ಇಂಥ ದಿನನಿತ್ಯದ ನಿರ್ವಹಣೆಯನ್ನು ಅಳೆಯುವ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತಾ ಮಾಪಕದ ಭಾರತೀಯ ರೂಪವೂ ಅವರದೇ. ಬೌದ್ಧಿಕ ವಿಕಲತೆ ಎಂದು ತೀರ್ಮಾನಿಸಲು ಐಕ್ಯೂ ಒಂದೇ ಸಾಲದು, ದಿನನಿತ್ಯದ ನಿರ್ವಹಣೆಯಲ್ಲೂ ಹಿನ್ನಡೆ ಕಾಣಬೇಕು. ಶಾಲೆಯಲ್ಲಿ ಸೊನ್ನೆ ಸುತ್ತುವ ಹುಡುಗ ತಿಕೋಟಾದ ದ್ರಾಕ್ಷಿ ತೋಟದಲ್ಲಿ ಔಷಧಿಯ ಅಳತೆ ತಪ್ಪದೆ ಬೆರೆಸುತ್ತಿದ್ದರೆ, ವಾರದ ಸಂತೆಯಲ್ಲಿ ಚಿಲ್ಲರೆ ಎಣಿಸಿ ತರುತ್ತಿದ್ದರೆ, ಆತನ ತೊಂದರೆ ಬುದ್ಧಿಯದಲ್ಲ, ಬೇರೆಲ್ಲೋ ಇದೆ.

ಕನ್ನಡ ಓದುವ ಮಿದುಳು

ಆ ‘ಬೇರೆಲ್ಲೋ’ ಎಂಬುದು ಎಷ್ಟೋ ಸಲ ಓದಿನ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ. ಅದನ್ನು ಕುರಿತ ಹೆಚ್ಚಿನ ತಿಳಿವಳಿಕೆ ಇಂಗ್ಲಿಷ್ ಓದುವ ಮಕ್ಕಳಿಂದ ಬಂದದ್ದು. ಕನ್ನಡ ಅಕ್ಷರ ವ್ಯವಸ್ಥೆಯ ತೊಡಕು ಬೇರೆ. ಇಂಗ್ಲಿಷಿನಲ್ಲಿ ಅಕ್ಷರ 26, ಕಾಗುಣಿತ ಮಾತ್ರ ಎಲ್ಲೆಂದರಲ್ಲಿ ಕೈಕೊಡುತ್ತದೆ. ಕನ್ನಡದಲ್ಲಿ ಬರೆದಂತೆ ಓದಬಹುದು, ಆದರೆ ಗುಣಿತಾಕ್ಷರಗಳನ್ನೆಲ್ಲ ಎಣಿಸಿದರೆ ಗುರುತಿಟ್ಟುಕೊಳ್ಳಬೇಕಾದ ರೂಪಗಳು ನೂರಾರು. ಒತ್ತಕ್ಷರಗಳು ಅದರ ಮೇಲೆ. ‘ಅಕ್ಕ’ದ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ, ‘ಅತ್ತೆ’, ‘ಅಮ್ಮ’, ‘ಅನ್ನ’ಗಳಲ್ಲಿ ಒತ್ತಿಗೂ ಮೂಲಕ್ಕೂ ಹೋಲಿಕೆಯಿಲ್ಲ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರ ಅರ್ಕಾವತ್ತಾಗಿ ಯಕಾರದ ನಂತರ ಕೂರುತ್ತದೆ, ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ವ-ಮ, ನ-ಸ, ದ-ಧ-ಥ, ಪ-ಫ-ಷ ಒಂದು ಗೆರೆಯ ವ್ಯತ್ಯಾಸದಲ್ಲಿ ಬೇರೆಯಾಗುತ್ತವೆ.

ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಮಕ್ಕಳ ಅಕ್ಷರ ಕಲಿಕೆ ಒಂದನೆಯ ತರಗತಿಗೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿತು. ಶಬ್ದವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಶಕ್ತಿ ಇಂಗ್ಲಿಷ್ ಓದುವ ಮಕ್ಕಳಿಗಿಂತ ತಡವಾಗಿ ಮೂಡುವುದನ್ನೂ ಗುರುತಿಸಿತು. ಇದನ್ನು ತಿಳಿಯದ ಪರೀಕ್ಷಕ, ಎರಡನೆಯ ತರಗತಿಯ ಮಗು ಒತ್ತಕ್ಷರ ತಪ್ಪಿದ ಕೂಡಲೇ ನ್ಯೂನತೆಯ ಹಣೆಪಟ್ಟಿ ಹಚ್ಚಿಬಿಡಬಹುದು. ಪ್ರತಿಭಾ ಕಾರಂತ ಅವರು ಕನ್ನಡಕ್ಕೆ ಭಾಷಾ ಸಾಮರ್ಥ್ಯದ ಪರೀಕ್ಷೆಯನ್ನು ರೂಪಿಸಿದರು, ಕೆ. ಎಸ್. ಪ್ರೇಮಾ 1997ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಕನ್ನಡ ಓದು ಕಲಿಕೆಯ ಮಾಪಕವನ್ನು ಕಟ್ಟಿದರು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ, ಓದಿನ ನ್ಯೂನತೆ ಗುರುತಿಸುವ ‘ಡಾಲಿ’ ಪರೀಕ್ಷೆಗಳು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷುಗಳಲ್ಲಿ ಬಂದವು.

ಆದರೂ ವಿಜಯಪುರದಲ್ಲಿ ‘ಕನ್ನಡ ಪರೀಕ್ಷೆ’ ಎಂದಷ್ಟಕ್ಕೆ ಸಮಸ್ಯೆ ಮುಗಿಯುವುದಿಲ್ಲ. ಮೈಸೂರು-ಬೆಂಗಳೂರಿನಲ್ಲಿ ಸಿದ್ಧವಾದ ಚಿತ್ರಪಟದಲ್ಲಿ ಈರುಳ್ಳಿ ತೋರಿಸಿದರೆ ಬಬಲೇಶ್ವರದ ಮಗು ಉಳ್ಳಾಗಡ್ಡಿ ಎನ್ನುತ್ತದೆ, ಕಡಲೆಕಾಯಿಗೆ ಶೇಂಗಾ, ಬೀಗಕ್ಕೆ ಕೀಲಿ ಎನ್ನುತ್ತದೆ. ಉತ್ತರ ಪೂರ್ತಿ ಸರಿ. ಕೈಪಿಡಿ ನೋಡಿ ಅಂಕ ಹಾಕುವವರು ಹೊರಗಿನವರಾದರೆ ಅದು ತಪ್ಪಾಗಿಬಿಡುತ್ತದೆ. ‘ಭಾಷೆ’ಯನ್ನು ‘ಬಾಷೆ’ ಎಂದು ಬರೆದದ್ದು ಮಹಾಪ್ರಾಣ ಕಿವಿಗೆ ಬೀಳದ ಊರಿನ ಮಾತು ಇರಬಹುದು, ‘ಬಾಷೆ’ಯನ್ನು ‘ಷಾಬೆ’ ಎಂದು ಬರೆದದ್ದು ಬೇರೆ ಬಗೆಯ ತಪ್ಪು. ನಗರದಲ್ಲಿ ದಖನಿ ಮಾತನಾಡುವ ಮನೆಗಳ ಮಕ್ಕಳು ಉರ್ದು ಮಾಧ್ಯಮದ ಪಾಠಗಳನ್ನು ಬಲದಿಂದ ಎಡಕ್ಕೂ, ಕನ್ನಡ ಮತ್ತು ಇಂಗ್ಲಿಷನ್ನು ಎಡದಿಂದ ಬಲಕ್ಕೂ ಓದುತ್ತಾರೆ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಮಹಾರಾಷ್ಟ್ರದ ಜತ್ತದ ಕಡೆಯ ಗಡಿಯ ಹಳ್ಳಿಗಳಲ್ಲಿ ಮರಾಠಿ ಬೆರೆತಿದೆ. ಮನೆಯ ಭಾಷೆ ಯಾವುದು, ಶಾಲೆಯ ಭಾಷೆ ಯಾವುದು, ಎಷ್ಟು ವರ್ಷದಿಂದ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳದೆ ಪರೀಕ್ಷೆ ಶುರು ಮಾಡಬಾರದು. ಕನ್ನಡದಲ್ಲಿ ಸರಾಗವಾಗಿ ಓದುವ ಮಗು ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿದರೆ, ಮೊದಲು ಅನುಮಾನಿಸಬೇಕಾದದ್ದು ಇಂಗ್ಲಿಷ್ ಕಲಿಸಿದ ರೀತಿಯನ್ನು.

ನರಮಾನಸಿಕ ಗುಚ್ಛಗಳು

1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ನಿಮ್ಹಾನ್ಸ್ ಆದ ಬೆಂಗಳೂರಿನ ಸಂಸ್ಥೆ ಈ ಕ್ಷೇತ್ರದ ದೊಡ್ಡ ಮನೆ. ಮಾಲವಿಕಾ ಕಪೂರ್ ಮತ್ತು ಸಂಗಡಿಗರು 1991ರಲ್ಲಿ ರೂಪಿಸಿದ ಕಲಿಕಾ ನ್ಯೂನತೆಯ ಸೂಚಿ ಎರಡು ಹಂತದ್ದು: 5ರಿಂದ 7 ವರ್ಷದವರಿಗೆ ಒಂದು, 8ರಿಂದ 12 ವರ್ಷದವರಿಗೆ ಇನ್ನೊಂದು. ಗಮನ, ಓದು, ಕಾಗುಣಿತ, ಲೆಕ್ಕ, ಆಕೃತಿ ನಕಲು, ನೆನಪು ಎಲ್ಲ ಅದರಲ್ಲಿವೆ. ವಯಸ್ಕರಿಗಾಗಿ ಶೋಭಿನಿ ರಾವ್ ಮತ್ತು ಸಹೋದ್ಯೋಗಿಗಳ ನರಮಾನಸಿಕ ಗುಚ್ಛವೂ ಮಕ್ಕಳಿಗಾಗಿ ಭೂಮಿಕಾ ಕರ್ ಮತ್ತು ಸಂಗಡಿಗರ ಗುಚ್ಛವೂ 2004ರಲ್ಲಿ ಬಂದವು.

ಇವುಗಳಲ್ಲಿ ಮಗು ಮಾಡಬೇಕಾದ ಕೆಲಸಗಳು ಆಟದಂತೆಯೇ ಇರುತ್ತವೆ. ಹಾಳೆ ತುಂಬಾ ಹರಡಿದ ಬಣ್ಣದ ವೃತ್ತಗಳಲ್ಲಿ ಹೇಳಿದ ಎರಡು ಬಣ್ಣಗಳನ್ನಷ್ಟೇ ಹೊಡೆದುಹಾಕುವುದು ನಿರಂತರ ಗಮನಕ್ಕೆ. ಶಬ್ದಗಳ ಪಟ್ಟಿಯನ್ನು ಮತ್ತೆ ಮತ್ತೆ ಕೇಳಿಸಿ, ನಡುವೆ ಬೇರೆ ಪಟ್ಟಿ ತೂರಿಸಿ, ಸ್ವಲ್ಪ ಹೊತ್ತಿನ ಮೇಲೆ ಮೊದಲಿನದನ್ನು ಕೇಳುವುದು ಸ್ಮರಣೆಗೆ. ಪೆನ್ಸಿಲ್ ಎತ್ತದೆ ಚಕ್ರವ್ಯೂಹದಿಂದ ಹೊರಬರುವುದು ಮುಂದಾಲೋಚನೆಗೆ. ಮೊದಲ ಸಲ ಕೇಳಿದಾಗ ಚೆನ್ನಾಗಿ ಹೇಳಿ ಅರ್ಧ ತಾಸಿನಲ್ಲಿ ಪೂರ್ತಿ ಮರೆಯುವ ಮಗುವೂ, ಮೊದಲಿಗೇ ಗಮನ ಕೊಡದ ಮಗುವೂ ತರಗತಿಯಲ್ಲಿ ಒಂದೇ ರೀತಿ ಕಾಣುತ್ತಾರೆ. ಮಾಸ್ತರರ ಮಾತು ಇಬ್ಬರಿಗೂ ಒಂದೇ: ‘ಹೇಳಿದ್ದು ತಲಿಯಾಗ ಇರಂಗಿಲ್ಲ.’ ಇಬ್ಬರಿಗೂ ಬೇಕಾದ ಪಾಠ ಮಾತ್ರ ಪೂರ್ತಿ ಬೇರೆ. ಮೂರ್ಛೆರೋಗ, ಮಿದುಳು ಜ್ವರ, ಬೈಕ್ ಅಪಘಾತದಲ್ಲಿ ತಲೆಗೆ ಬಿದ್ದ ಪೆಟ್ಟು ಇವುಗಳ ನಂತರ ಈ ಪರೀಕ್ಷೆಗಳ ಬೆಲೆ ಇನ್ನೂ ಹೆಚ್ಚು. ಸ್ಕ್ಯಾನ್ ‘ನಾರ್ಮಲ್’ ಎಂದಿದ್ದರೂ ಹುಡುಗನ ಯೋಚನೆಯ ವೇಗ ಅರ್ಧಕ್ಕೆ ಇಳಿದಿರುವುದನ್ನು ಇವು ಹಿಡಿದುಕೊಡುತ್ತವೆ.

ಊರಿನಿಂದ ವರದಿಯವರೆಗೆ

ತಿಕೋಟಾ ಮತ್ತು ಬಬಲೇಶ್ವರ ಹೊಸ ತಾಲ್ಲೂಕುಗಳು. ಮೊದಲು ಎರಡೂ ವಿಜಯಪುರ ತಾಲ್ಲೂಕಿನಲ್ಲೇ ಇದ್ದವು. ಪರೀಕ್ಷೆಗೆ ಈಗಲೂ ನಗರಕ್ಕೇ ಬರಬೇಕು. ಬಿಎಲ್‌ಡಿಇಯ ಬಿ. ಎಂ. ಪಾಟೀಲ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳು, ಜಿಲ್ಲಾ ಆಸ್ಪತ್ರೆ ಇಲ್ಲಿವೆ. ಪೂರ್ಣ ನರಮಾನಸಿಕ ಪರೀಕ್ಷೆ ಬೇಕಾದವರು ಸುಮಾರು 200 ಕಿ.ಮೀ. ದೂರದ ಧಾರವಾಡದ ಡಿಮ್ಹಾನ್ಸ್‌ಗೆ ಹೋಗುವುದುಂಟು. 1845ರಲ್ಲಿ ಮಾನಸಿಕ ಆಸ್ಪತ್ರೆಯಾಗಿ ಹುಟ್ಟಿದ ಸಂಸ್ಥೆಯದು. ನಿಮ್ಹಾನ್ಸ್ ಎಂದರೆ ಒಂದು ರಾತ್ರಿಯ ರೈಲು ಅಥವಾ ಬಸ್ ಪ್ರಯಾಣ. ನಿದ್ದೆಗೆಟ್ಟು, ಹಸಿದು ಬಂದ ಮಗುವಿನ ಗಮನವನ್ನು ಮರುದಿನ ಬೆಳಗ್ಗೆ ಅಳೆದರೆ ಏನು ಸಿಕ್ಕೀತು? ದೂರದಿಂದ ಬಂದವರಿಗೆ ಎರಡು ದಿನದಲ್ಲಿ ಪರೀಕ್ಷೆ ಹಂಚಿಕೊಡುವುದು ಕರುಣೆಯ ಮಾತಷ್ಟೇ ಅಲ್ಲ, ಅಳತೆ ಸರಿಯಾಗಲು ಅದು ಅಗತ್ಯ.

ಮೊದಲ ಹೆಜ್ಜೆ ಊರಲ್ಲೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಅವರ ಪಟ್ಟಿಯಲ್ಲಿ ಬೆಳವಣಿಗೆಯ ವಿಳಂಬವೂ ಕಲಿಕಾ ತೊಂದರೆಯೂ ಇವೆ. ಸಮಗ್ರ ಶಿಕ್ಷಣದ ಅಡಿಯಲ್ಲಿ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ, ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರು, ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು ಎಂದೇ ಕರೆಯುವ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮಗುವಿನ ಕಿವಿ, ಕಣ್ಣು ಮೊದಲು ನೋಡಿಸಬೇಕು. ವರ್ಷಗಟ್ಟಲೆ ಕಿವಿ ಸೋರಿ ಕೇಳಿಸದ ಮಗುವಿಗೆ ‘ದಡ್ಡ’ ಎಂಬ ಹೆಸರು ಬಿದ್ದಿರುತ್ತದೆ. ರಕ್ತಹೀನತೆ, ಥೈರಾಯ್ಡ್ ಕೊರತೆಗಳೂ ಗಮನ ಮತ್ತು ಚುರುಕನ್ನು ತಗ್ಗಿಸುತ್ತವೆ.

ಪರೀಕ್ಷೆಯ ದಿನ ಮೊದಲ ಅರ್ಧ ತಾಸು ಮಾತಿನಲ್ಲೇ ಕಳೆಯುತ್ತದೆ. ‘ಹುಟ್ಟಿದ ಕೂಡಲೆ ಅತ್ತಿತ್ತೇನವ್ವಾ?’ ‘ಯಾವಾಗ ನಡ್ಯಾಕ ಹತ್ತಿತು?’ ‘ಫಿಟ್ಸ್ ಬಂದಿತ್ತೇನು?’ ‘ನೀವು ಗಂಡ-ಹೆಂಡತಿ ಒಳಗಿನ ಸಂಬಂಧದವರೇನು?’ ಎಂಬ ಪ್ರಶ್ನೆಗಳು ಬರುತ್ತವೆ. ತಾಯಿ ಕಾರ್ಡು, ಶಾಲೆಯ ನೋಟ್‌ಬುಕ್ಕು, ಹಳೆಯ ಆಸ್ಪತ್ರೆ ಚೀಟಿಗಳನ್ನು ತಂದರೆ ತುಂಬಾ ಅನುಕೂಲ. ಎಲ್ಲಕ್ಕಿಂತ ಹೆಚ್ಚು ಹೇಳುವುದು ನೋಟ್‌ಬುಕ್ಕು: ಹಲಗೆ ನೋಡಿ ಬರೆದ ಪುಟ ಮುತ್ತಿನಂತಿದ್ದು, ಉಕ್ತಲೇಖನದ ಪುಟ ಗುರುತೇ ಸಿಗದಂತಿದ್ದರೆ ಅರ್ಧ ದಾರಿ ಅಲ್ಲೇ ಸವೆಯಿತು.

ಕಾನೂನು ಮತ್ತು ಪ್ರಮಾಣಪತ್ರ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಗುರುತಿಸುತ್ತದೆ. ಅವುಗಳಲ್ಲಿ ಬೌದ್ಧಿಕ ವಿಕಲತೆ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿವೆ. 2024ರವರೆಗೆ ಜಾರಿಯಲ್ಲಿದ್ದ 2018ರ ಜನವರಿಯ ಕೇಂದ್ರ ಮಾರ್ಗಸೂಚಿಯ ಪ್ರಕಾರ ಕಲಿಕಾ ನ್ಯೂನತೆಯ ಪ್ರಾಥಮಿಕ ಗುರುತಿಸುವಿಕೆ 3ನೇ ತರಗತಿ ಅಥವಾ 8 ವರ್ಷದಲ್ಲಿ ಶಿಕ್ಷಕರಿಂದ ಆಗಬೇಕಿತ್ತು. ಐಕ್ಯೂ 85ಕ್ಕಿಂತ ಹೆಚ್ಚಿದ್ದರೆ ನಿಮ್ಹಾನ್ಸ್ ಗುಚ್ಛದಿಂದ ಪರೀಕ್ಷಿಸಬೇಕಿತ್ತು. 8ರ ನಂತರ ಕೊಟ್ಟ ಪ್ರಮಾಣಪತ್ರವನ್ನು 14ರಲ್ಲಿ, ಮತ್ತೆ 18ರಲ್ಲಿ ನವೀಕರಿಸಬೇಕಿತ್ತು. 18ರದ್ದು ಜೀವನಪೂರ್ತಿ ನಡೆಯುತ್ತಿತ್ತು. ಮಾರ್ಗಸೂಚಿಯ ಈ ಲೆಕ್ಕದಲ್ಲಿ 70 ಮತ್ತು 85ರ ನಡುವಿನ ಮಕ್ಕಳು ಎರಡೂ ಬಾಗಿಲಿನ ಹೊರಗೆ ನಿಲ್ಲುತ್ತಿದ್ದರು: ಬೌದ್ಧಿಕ ವಿಕಲತೆಗೆ ಅಂಕ ಹೆಚ್ಚು, ಕಲಿಕಾ ನ್ಯೂನತೆಗೆ ಕಡಿಮೆ. ಮೇಲೆ ಹೇಳಿದ 75ರ ಹುಡುಗಿಯೂ ಅಲ್ಲೇ ನಿಂತವಳು. ಆ ಲೆಕ್ಕದಲ್ಲಿ ಅವಳಿಗೆ ಪ್ರಮಾಣಪತ್ರ ಸಿಗದು, ಪಾಠ ಸಿಗಲೇಬೇಕು; ವರದಿ ಬರೆಯುವವರು ಇದನ್ನು ಶಾಲೆಗೆ ಸ್ಪಷ್ಟವಾಗಿ ಬರೆದು ತಿಳಿಸುವುದು ಕರ್ತವ್ಯ. ಒತ್ತಕ್ಷರಗಳನ್ನು ದಿನಕ್ಕೆ ಎರಡರಂತೆ ಮರಳಿನಲ್ಲಿ ತಿದ್ದಿಸಿ, ಲೆಕ್ಕವನ್ನು ಮೊದಲು ಕಾಳುಗಳಲ್ಲಿ ಮಾಡಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಿ ಎಂಬಂಥ ಮಾತುಗಳು ಕನ್ನಡದಲ್ಲಿ, ಒಂದು ಪುಟದಲ್ಲಿ ಇದ್ದರೆ ಮಾಸ್ತರರು ಓದುತ್ತಾರೆ. ಇಂಗ್ಲಿಷಿನ ಆರು ಪುಟದ ವರದಿ ಕಪಾಟು ಸೇರುತ್ತದೆ.

ಪರೀಕ್ಷಿಸಿ ವರದಿಗೆ ಸಹಿ ಹಾಕುವ ಚಿಕಿತ್ಸಕ ಮನಶ್ಶಾಸ್ತ್ರಜ್ಞರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಬೆರಳಚ್ಚು ತೆಗೆದುಕೊಂಡು ಬುದ್ಧಿಶಕ್ತಿ ಹೇಳುತ್ತೇವೆ ಎನ್ನುವ ಕಂಪನಿಗಳು ಶಾಲೆಗಳಿಗೆ ಬರುವುದುಂಟು. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆ ಹಣವನ್ನು ಮಗುವಿನ ಕನ್ನಡಕಕ್ಕೋ ಕಥೆಪುಸ್ತಕಕ್ಕೋ ಖರ್ಚು ಮಾಡುವುದು ಒಳ್ಳೆಯದು.

ಹದಿನೆಂಟರ ಆಚೆ

ಎಸ್‌ಎಸ್‌ಎಲ್‌ಸಿ ದಾಟಿದವರ ಕಡೆಗೆ ಗಮನ ಕಡಿಮೆ. ಪಿಯುಸಿಯಲ್ಲಿ ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಹಾರಿದಾಗ ಅದುವರೆಗೆ ಬಾಯಿಪಾಠದಿಂದ ಮುಚ್ಚಿಟ್ಟುಕೊಂಡಿದ್ದ ಓದಿನ ತೊಡಕು ಮೊದಲ ಸಲ ಬಯಲಾಗುವುದು ಉಂಟು. ಆಗಲೂ ಪ್ರಮಾಣಪತ್ರ ಪಡೆಯುವುದು ಉಪಯುಕ್ತ: ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸ್ಥಾನ, ಸರ್ಕಾರಿ ಹುದ್ದೆಗಳಲ್ಲಿ ಶೇ. 4ರ ಮೀಸಲಾತಿ 40 ಪ್ರತಿಶತ ಅಥವಾ ಹೆಚ್ಚಿನ ವಿಕಲತೆ ಉಳ್ಳವರಿಗೆ 2016ರ ಕಾಯ್ದೆಯಲ್ಲೇ ಇದೆ. ಅಂಥವರಿಗೆ ಬರವಣಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು, ಅಗತ್ಯವಿದ್ದರೆ ಲಿಪಿಕಾರರ ನೆರವೂ ಸಿಗಬೇಕು. ಅಪಘಾತದ ನಂತರ ಕಾಲೇಜಿಗೆ ಮರಳುವ ಯುವಕನ ವಿಷಯದಲ್ಲಿ ಒಂದು ಪರೀಕ್ಷೆ ಸಾಲದು. ಪೆಟ್ಟು ಬಿದ್ದ ಕೆಲವು ವಾರಗಳಲ್ಲಿ ಒಮ್ಮೆ, ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ ಅಳೆದರೆ ಚೇತರಿಕೆಯ ದಾರಿ ಕಾಣುತ್ತದೆ. ಎರಡನೆಯ ಸಲ ಅದೇ ಶಬ್ದಪಟ್ಟಿ ಬಳಸಿದರೆ ಅಭ್ಯಾಸದಿಂದಲೇ ಅಂಕ ಏರುವುದರಿಂದ ಸಮಾನಾಂತರ ಪಟ್ಟಿಗಳನ್ನು ಬಳಸುತ್ತಾರೆ. ಪರೀಕ್ಷೆಗೆ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ತಿಳಿಯದ ಮನೆಯವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.